ನಮ್ಮ ಮಾತಿನ ಮನೆಯ ಕೀಲಿ ಯಾರ ಕೈಯಲ್ಲಿ?

ಅಭಿಪ್ರಾಯ: ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ನನ್ನ ಆಪಾ ಮೆಹಂದಿ ಹಾಕುತ್ತಾಳೆ. ಪದವಿ ಮುಗಿಸಿ ಮನೆಯಲ್ಲಿದ್ದ ಆಕೆ ಮೂರು ವರ್ಷಗಳ ಹಿಂದೆ ತಾನು ಬಿಡಿಸಿದ ವಿನ್ಯಾಸಗಳ ಫೋಟೊಗಳನ್ನು ಎಲ್ಲರ ಮೊಬೈಲಿನಲ್ಲೂ ಇರುವ ಒಂದು ಆ್ಯಪ್‌ಗೆ ಹಾಕತೊಡಗಿದಳು. ಮೊದಲು ಗೆಳತಿಯರು ನೋಡಿದರು, ಆಮೇಲೆ ಗೆಳತಿಯರ ಗೆಳತಿಯರು. ಕೊನೆಗೆ ಖಾನಾಪುರ, ಬೈಲಹೊಂಗಲದ ಕಡೆಯಿಂದಲೂ ಮದುವೆ ಮನೆಯವರು ಕೇಳಿಕೊಂಡು ಬರುವಂತಾಯಿತು. ಕಳೆದ ವರ್ಷ ಚಾಂದ್ ರಾತ್‌ಗೆ ಇನ್ನು ಹತ್ತು ದಿನ ಇದೆ ಎನ್ನುವಾಗ ಒಂದು ಬೆಳಿಗ್ಗೆ ಆ ಖಾತೆ ತೆರೆಯಲಿಲ್ಲ. "ನೀವು ನಮ್ಮ ನಿಯಮಗಳನ್ನು ಉಲ್ಲಂಘಿಸಿದ್ದೀರಿ" ಎಂಬ ಒಂದೇ ಸಾಲು ಕಾಣಿಸಿತು. ಯಾವ ಚಿತ್ರ, ಯಾವ ನಿಯಮ ಎಂಬುದು ಅಲ್ಲಿರಲಿಲ್ಲ. ಮೇಲ್ಮನವಿ ಹಾಕಿದಳು. ಯಂತ್ರವೊಂದು ಅದೇ ಸಾಲನ್ನು ಮತ್ತೆ ಕಳಿಸಿತು.

ನಮ್ಮ ಅಬ್ಬಾ ಹಳೆಯ ಕಾಲದವರು. ಕರೆಂಟ್ ಬಿಲ್‌ನಲ್ಲಿ ಅನುಮಾನ ಬಂದರೆ ನೇರವಾಗಿ ಕಚೇರಿಗೇ ಹೋಗಿ ಕೇಳುವವರು. ಆಪಾ ಅಳುವುದನ್ನು ನೋಡಿ ಅವರು ಕೇಳಿದ್ದು ಒಂದೇ ಮಾತು: "ಅವರ ಆಫೀಸು ಎಲ್ಲಿದೆ? ನಡಿ, ಹೋಗಿ ಕೇಳೋಣ." ನಾವಿಬ್ಬರೂ ಸುಮ್ಮನಾದೆವು. ಮೂರು ವರ್ಷದ ಆಕೆಯ ದುಡಿಮೆ ಇದ್ದ ಮನೆಗೆ ಬೀಗ ಬಿದ್ದಿತ್ತು, ಕೀಲಿ ಯಾರ ಹತ್ತಿರ ಇದೆ ಎಂಬುದೇ ನಮಗೆ ಗೊತ್ತಿರಲಿಲ್ಲ.

ಆ ಖಾತೆ ಮರಳಿ ಬರಲಿಲ್ಲ. ಅಬ್ಬಾ ಅವರ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಅದರ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕ ವಿಷಯವನ್ನೇ ಸ್ನೇಹಿತರೇ, ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಹಳದಿ ಹಕ್ಕಿ ಹಾರಿಹೋದದ್ದು

ದೊಡ್ಡ ವಿದೇಶಿ ಕಂಪನಿಗಳದ್ದಷ್ಟೇ ಈ ಸಮಸ್ಯೆ, ನಮ್ಮದೇ ಆ್ಯಪ್ ಇದ್ದರೆ ಹೀಗಾಗುವುದಿಲ್ಲ ಎಂದು ನಾನೂ ಅಂದುಕೊಂಡಿದ್ದೆ. ಆದರೆ ನಮ್ಮದೇ ರಾಜ್ಯದಲ್ಲಿ ಹುಟ್ಟಿದ 'ಕೂ' ನೆನಪಿದೆಯಲ್ಲವೇ? ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕಾ ಬೆಂಗಳೂರಿನಲ್ಲಿ 2020ರಲ್ಲಿ ಅದನ್ನು ಶುರು ಮಾಡಿದರು. ಮೊದಲು ಬಂದದ್ದು ಕನ್ನಡದಲ್ಲಿ, ಆಮೇಲೆ ಉಳಿದ ಭಾಷೆಗಳಲ್ಲಿ. ಇಂಗ್ಲಿಷ್ ಬಾರದವರೂ ಸಂಕೋಚವಿಲ್ಲದೆ ಬರೆಯಬಹುದಾದ ಜಾಗ ಅದು. ಅದೇ ವರ್ಷ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಗೆದ್ದಿತು. ಮಂತ್ರಿಗಳು, ನಟರು, ಆಟಗಾರರು ಖಾತೆ ತೆರೆದರು. ಸುಮಾರು 6 ಕೋಟಿ ಡೌನ್‌ಲೋಡ್ ಕಂಡಿತು.

2024ರ ಜುಲೈನಲ್ಲಿ ಅದು ಮುಚ್ಚಿತು. ಹಣ ಹೂಡುವವರು ಸಿಗಲಿಲ್ಲ, ಕೊಳ್ಳುವವರ ಜೊತೆ ನಡೆಸಿದ ಮಾತುಕತೆ ಕೈಗೂಡಲಿಲ್ಲ. ಸ್ಥಾಪಕರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಕಂಪನಿ ನಷ್ಟದಲ್ಲಿದ್ದರೆ ಮುಚ್ಚಲೇಬೇಕು, ವಾಣಿಜ್ಯ ಓದುವ ನನಗೆ ಅದು ಅರ್ಥವಾಗುತ್ತದೆ. ನನ್ನ ಚಿಂತೆ ಬೇರೆ. ಅಲ್ಲಿ ನಾಲ್ಕು ವರ್ಷ ಕನ್ನಡದಲ್ಲಿ ಹರಟಿದವರು, ಜಗಳವಾಡಿದವರು, ಕವನ ಬರೆದವರು ಎಲ್ಲರೂ ಒಂದೇ ಕಂಪನಿಯ ಲೆಕ್ಕಪುಸ್ತಕವನ್ನು ನಂಬಿ ಕುಳಿತಿದ್ದರು. ಅಂಗಡಿಗೆ ಬಾಗಿಲು ಹಾಕಿದ ದಿನ ಊರೇ ಖಾಲಿಯಾಯಿತು.

ಇದು ಹೊಸದೂ ಅಲ್ಲ. ನಮ್ಮ ಅಣ್ಣ ಅಕ್ಕಂದಿರು ಕಾಲೇಜಿನಲ್ಲಿದ್ದಾಗ ಆರ್ಕುಟ್ ಇತ್ತು, 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. ಸ್ವದೇಶಿ ಇರಲಿ ವಿದೇಶಿ ಇರಲಿ, ಒಂದೇ ಕೈಯಲ್ಲಿ ಕೀಲಿ ಇರುವವರೆಗೆ ನಾವು ಅಲ್ಲಿ ಬಾಡಿಗೆದಾರರು. ಅದೂ ಬಾಡಿಗೆ ಕರಾರು ಪತ್ರವಿಲ್ಲದ ಬಾಡಿಗೆದಾರರು.

ಜನ ಗುಳೆ ಹೊರಟದ್ದು ಎಲ್ಲಿಗೆ?

ಇತ್ತೀಚಿನ ವರ್ಷಗಳಲ್ಲಿ ಜಗತ್ತಿನ ಹಲವು ಕಡೆ ಜನರಿಗೆ ಇದೇ ಅನುಭವವಾಗಿದೆ. 2022ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ 44 ಶತಕೋಟಿ ಡಾಲರ್‌ಗೆ ಟ್ವಿಟರ್ ಕೊಂಡಾಗ ಲಕ್ಷಾಂತರ ಜನ ಮಾಸ್ಟೊಡಾನ್ ಎಂಬ ಜಾಲದ ಕಡೆ ಹೊರಟರು. ಸುಮಾರು 3 ಲಕ್ಷ ಇದ್ದ ಅದರ ತಿಂಗಳ ಸಕ್ರಿಯ ಬಳಕೆದಾರರು ಒಂದೇ ತಿಂಗಳಲ್ಲಿ 25 ಲಕ್ಷಕ್ಕೆ ಏರಿದರು. 2023ರ ಜೂನ್‌ನಲ್ಲಿ ರೆಡ್ಡಿಟ್ ಹೊರಗಿನ ಆ್ಯಪ್‌ಗಳಿಗೆ ಭಾರಿ ಶುಲ್ಕ ಹಾಕಲು ಹೊರಟಾಗ ಅಲ್ಲಿನ ಸಾವಿರಾರು ಗುಂಪುಗಳು ಪ್ರತಿಭಟಿಸಿ ಬಾಗಿಲು ಮುಚ್ಚಿದವು. ಅಲ್ಲಿಂದ ಹೊರಟ ಅನೇಕರು ಲೆಮ್ಮಿ ಎಂಬ ಜಾಲದಲ್ಲಿ ಹೊಸ ಗುಂಪುಗಳನ್ನು ಕಟ್ಟಿಕೊಂಡರು. 2024ರಲ್ಲಿ ಬ್ರೆಜಿಲ್‌ನ ನ್ಯಾಯಾಲಯ ಎಕ್ಸ್ ಅನ್ನು ತಡೆದಾಗ ಅಲ್ಲಿಯ ಜನ ಬ್ಲೂಸ್ಕೈಗೆ ಹೋದರು. ಆ ನವೆಂಬರ್‌ನಲ್ಲಿ ಬ್ಲೂಸ್ಕೈ 2 ಕೋಟಿ ಖಾತೆಗಳನ್ನು ದಾಟಿತು.

ಮಾಸ್ಟೊಡಾನ್ ಅನ್ನು 2016ರಲ್ಲಿ ಶುರು ಮಾಡಿದವರು ಜರ್ಮನಿಯ ಯೂಜೆನ್ ರೋಚ್ಕೊ, ಆಗಿನ್ನೂ ಇಪ್ಪತ್ತರ ಹರೆಯದ ಯುವಕ. ಅದಕ್ಕೂ ಮುಂಚೆ 2010ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಜನರಿಂದ ಹಣ ಸಂಗ್ರಹಿಸಿ ಡಯಾಸ್ಪೊರಾ ಎಂಬ ಇದೇ ಬಗೆಯ ಜಾಲವನ್ನು ಆರಂಭಿಸಿದ್ದರು. ನಮ್ಮಂಥ ವಿದ್ಯಾರ್ಥಿಗಳೇ ಹಾಕಿದ ಬೀಜ ಇದು ಎಂಬುದು ನನಗೆ ಖುಷಿ ಕೊಟ್ಟ ಸಂಗತಿ.

ಇವುಗಳನ್ನು ಒಕ್ಕೂಟ ಮಾದರಿಯ ಜಾಲಗಳು ಎನ್ನುತ್ತಾರೆ. ಹೇಗೆ ಕೆಲಸ ಮಾಡುತ್ತವೆ? ನಿಮ್ಮ ಸಿಮ್ ಒಂದು ಕಂಪನಿಯದು, ನಿಮ್ಮ ಅಮ್ಮಿಯ ಸಿಮ್ ಇನ್ನೊಂದು ಕಂಪನಿಯದು. ಆದರೂ ಕರೆ ಹೋಗುತ್ತದೆ. ಬೇಸರವಾದರೆ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸಬಹುದು. ಆ ಪೋರ್ಟಿಂಗ್ ಹಕ್ಕು ನಮ್ಮ ದೇಶದಾದ್ಯಂತ ಬಂದದ್ದು 2011ರ ಜನವರಿಯಲ್ಲಿ. ಈಗಿನ ಬಹುತೇಕ ದೊಡ್ಡ ಸಾಮಾಜಿಕ ಜಾಲತಾಣಗಳಲ್ಲಿ ಇದು ಸಾಧ್ಯವಿಲ್ಲ. ಒಂದರಲ್ಲಿರುವವರು ಇನ್ನೊಂದರಲ್ಲಿರುವವರಿಗೆ ಬರೆಯಲಾಗದು, ಬಿಟ್ಟು ಹೋದರೆ ಬರಿಗೈಯಲ್ಲೇ ಹೋಗಬೇಕು.

ಒಕ್ಕೂಟದಲ್ಲಿ ಒಂದೇ ದೊಡ್ಡ ಕಂಪನಿಯ ಬದಲು ಸಾವಿರಾರು ಸಣ್ಣ ಸರ್ವರ್‌ಗಳಿರುತ್ತವೆ. ಒಂದನ್ನು ಗ್ರಂಥಾಲಯ ನಡೆಸಬಹುದು, ಇನ್ನೊಂದನ್ನು ವಿಶ್ವವಿದ್ಯಾಲಯ, ಮತ್ತೊಂದನ್ನು ಹತ್ತು ಜನ ಗೆಳೆಯರು. ಪ್ರತಿ ಸರ್ವರ್‌ಗೂ ಅದರದೇ ನಿಯಮ, ಅದರದೇ ಮೇಲ್ವಿಚಾರಕರು. ಆದರೆ ಎಲ್ಲವೂ ಆ್ಯಕ್ಟಿವಿಟಿಪಬ್ ಎಂಬ ಸಾಮಾನ್ಯ ಭಾಷೆಯಲ್ಲಿ ಒಂದಕ್ಕೊಂದು ಮಾತನಾಡುತ್ತವೆ. ಅಂತರಜಾಲದ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2018ರ ಜನವರಿಯಲ್ಲಿ ಅದಕ್ಕೆ ಮನ್ನಣೆ ಕೊಟ್ಟಿತು. ಮಾಸ್ಟೊಡಾನ್‌ನಲ್ಲಿ ಬರಹ, ಪಿಕ್ಸೆಲ್‌ಫೆಡ್‌ನಲ್ಲಿ ಫೋಟೊ, ಪಿಯರ್‌ಟ್ಯೂಬ್‌ನಲ್ಲಿ ವಿಡಿಯೊ, ಲೆಮ್ಮಿಯಲ್ಲಿ ಚರ್ಚೆ. ಇವೆಲ್ಲ ಬೇರೆ ಬೇರೆ ಮನೆಗಳು, ಆದರೆ ಓಣಿ ಒಂದೇ. ಬ್ಲೂಸ್ಕೈ ಇನ್ನೊಂದು ಭಾಷೆಯನ್ನು ಬಳಸುತ್ತದೆ. ವಿನ್ಯಾಸದಲ್ಲಿ ಅದೂ ವಿಕೇಂದ್ರೀಕೃತವೇ, ಆದರೆ ಅದರ ಬಹುಪಾಲು ಖಾತೆಗಳು ಇನ್ನೂ ಒಂದೇ ಕಂಪನಿಯ ಸರ್ವರ್‌ಗಳಲ್ಲಿವೆ ಎಂಬುದನ್ನು ಮರೆಯಬಾರದು.

ಒಕ್ಕೂಟ ನಮಗೆ ಹೊಸದಲ್ಲ

'ವಿಕೇಂದ್ರೀಕರಣ' ಎಂದರೆ ಏನೋ ಪರದೇಶದ ವಿದ್ಯೆ ಎಂದು ಹೆದರಬೇಕಿಲ್ಲ. ಬೆಳಿಗ್ಗೆ ಚಹಾಕ್ಕೆ ಹಾಕುವ ನಂದಿನಿ ಹಾಲನ್ನೇ ನೋಡಿ. ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಂಘ, ಜಿಲ್ಲೆಯಲ್ಲಿ ಸಂಘಗಳ ಒಕ್ಕೂಟ, ಅದರ ಮೇಲೆ ರಾಜ್ಯ ಮಹಾಮಂಡಳ. ಹಳ್ಳಿಯ ಸಂಘಕ್ಕೆ ಅದರದೇ ಸದಸ್ಯರು, ಅದರದೇ ಚುನಾವಣೆ. ಇನ್ನೂ ಹಿಂದೆ ಹೋದರೆ, ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ಉತ್ತರ ಕರ್ನಾಟಕದಲ್ಲೇ, ಗದಗ ಹತ್ತಿರದ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಸಾಲಕ್ಕಾಗಿ ಸಾಹುಕಾರನ ಕಟ್ಟೆಯ ಮುಂದೆ ನಿಲ್ಲುತ್ತಿದ್ದ ರೈತರಿಗೆ ಅವರು ತೋರಿಸಿದ ದಾರಿ ಸರಳ: ನಮ್ಮ ದುಡ್ಡು ನಮ್ಮ ಪೆಟ್ಟಿಗೆಯಲ್ಲಿರಲಿ, ಲೆಕ್ಕ ಎಲ್ಲರೆದುರು ಇರಲಿ.

ಇಂದು ನಾವು ನಿಂತಿರುವುದೂ ಸಾಹುಕಾರನ ಕಟ್ಟೆಯ ಮುಂದೆಯೇ. ದುಡ್ಡಿನ ಬದಲು ನಮ್ಮ ಮಾತು, ಫೋಟೊ, ಪರಿಚಯ, ಸಮಯ ಅಡವಿಟ್ಟಿದ್ದೇವೆ. ಸಹಕಾರ ತತ್ವವನ್ನೇ ಜಾಲತಾಣಕ್ಕೆ ತಂದವರೂ ಇದ್ದಾರೆ. 2017ರಲ್ಲಿ ಶುರುವಾದ 'ಸೋಷಿಯಲ್ ಡಾಟ್ ಕೂಪ್' ಎಂಬ ಮಾಸ್ಟೊಡಾನ್ ಸರ್ವರ್‌ನಲ್ಲಿ ಖರ್ಚಿಗೆ ಸದಸ್ಯರೇ ಹಣ ಹಾಕುತ್ತಾರೆ, ನಿಯಮಗಳನ್ನೂ ಅವರೇ ಚರ್ಚಿಸಿ ತೀರ್ಮಾನಿಸುತ್ತಾರೆ. ಅಬ್ಬಾ ಕೇಳಿದ "ಆಫೀಸು ಎಲ್ಲಿದೆ" ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ.

ಎದುರು ವಾದಗಳನ್ನೂ ಕೇಳೋಣ

ಈ ವಿಷಯ ಗೆಳತಿಯರ ಮುಂದೆ ಹೇಳಿದಾಗ ಮೊದಲು ಬಂದ ಮಾತು: "ಅಲ್ಲಿ ಯಾರಿದ್ದಾರೆ? ನಮ್ಮವರೆಲ್ಲ ಇಲ್ಲೇ ಇದ್ದಾರಲ್ಲ." ಇದು ಸಣ್ಣ ಆಕ್ಷೇಪವಲ್ಲ. 2019ರ ಕೊನೆಯಲ್ಲಿ ಭಾರತದಲ್ಲೇ ಇದಕ್ಕೆ ಸಾಕ್ಷಿ ಸಿಕ್ಕಿತು. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆಯನ್ನು ಕಂಪನಿ ಅಮಾನತುಗೊಳಿಸಿತು. ಹಿಟ್ಲರನ ಕಾಲದ ಜರ್ಮನಿಯಲ್ಲಿ ಎಲ್ಲರೂ ಕೈಯೆತ್ತಿ ವಂದಿಸುವಾಗ ಒಬ್ಬನೇ ಕೈಕಟ್ಟಿ ನಿಂತ ಪ್ರಸಿದ್ಧ ಚಿತ್ರವನ್ನು ಅವರು ತಮ್ಮ ಪುಟದಲ್ಲಿ ಹಾಕಿಕೊಂಡಿದ್ದರು. ಅದನ್ನು ಪ್ರತಿಭಟಿಸಿ ಸಾವಿರಾರು ಭಾರತೀಯರು ಮಾಸ್ಟೊಡಾನ್‌ಗೆ ಹೋದರು. ಆದರೆ ಸ್ವಲ್ಪ ದಿನಗಳಲ್ಲೇ ಬಹಳಷ್ಟು ಜನ ಹಿಂದಿರುಗಿದರು. 2022ರಲ್ಲಿ ಹೋದವರಲ್ಲೂ ಅನೇಕರು ಉಳಿಯಲಿಲ್ಲ. ಸಿಟ್ಟಿನಿಂದ ಮನೆ ಬಿಟ್ಟವರು ಸಿಟ್ಟು ಇಳಿದ ಮೇಲೆ ಮನೆಗೆ ಬರುತ್ತಾರೆ. ಆದ್ದರಿಂದ ಕೋಪದಿಂದ ಹೋಗುವುದಕ್ಕಿಂತ ಕೆಲಸಕ್ಕಾಗಿ ಹೋಗುವುದು ಮೇಲು. ಅಲ್ಲಿ ಮಾಡಲು ನಮಗೊಂದು ಕೆಲಸ ಇರಬೇಕು.

ಎರಡನೆಯದು: "ಸಣ್ಣ ಸರ್ವರ್ ಮುಚ್ಚುವುದಿಲ್ಲವೇ?" ಮುಚ್ಚುತ್ತದೆ. 'ಮಾಸ್ಟೊಡಾನ್ ಡಾಟ್ ಲೋಲ್' ಎಂಬ ಸರ್ವರ್‌ನಲ್ಲಿ ಸಾವಿರಾರು ಸದಸ್ಯರಿದ್ದರು. ಅದನ್ನು ನಡೆಸುತ್ತಿದ್ದವರು ಜಗಳ, ಬೈಗುಳಗಳಿಂದ ಬೇಸತ್ತು 2023ರಲ್ಲಿ ನಿಲ್ಲಿಸಿದರು. ವ್ಯತ್ಯಾಸ ಇಷ್ಟೇ: ಸದಸ್ಯರಿಗೆ ಮೂರು ತಿಂಗಳ ಮುಂಚೆ ತಿಳಿಸಿದರು, ಅವರು ಬೇರೆ ಸರ್ವರ್‌ಗೆ ಹೋಗುವಾಗ ತಮ್ಮ ಅನುಯಾಯಿಗಳನ್ನು ಜೊತೆಗೆ ಕರೆದೊಯ್ಯಬಹುದಿತ್ತು. ಆದರೆ ಮಾಸ್ಟೊಡಾನ್‌ನಲ್ಲಿ ಹಳೆಯ ಬರಹಗಳು ಹೊಸ ಮನೆಗೆ ತಾವಾಗಿ ಬರುವುದಿಲ್ಲ, ಪ್ರತಿ ಇಳಿಸಿಟ್ಟುಕೊಳ್ಳಬೇಕು. ಅಂದರೆ ಒಕ್ಕೂಟ ಜಾದೂ ಅಲ್ಲ. ಸರ್ವರ್‌ಗೆ ದುಡ್ಡು ಬೇಕು, ನೋಡಿಕೊಳ್ಳುವವರಿಗೆ ಸಮಯ ಬೇಕು. ಜಾಹೀರಾತಿಲ್ಲದ ಜಾಗಕ್ಕೆ ಖರ್ಚನ್ನು ನಾವೇ ಭರಿಸಬೇಕು. ಪುಕ್ಕಟೆ ಅಭ್ಯಾಸವಾದ ನಮಗೆ ಇದು ಕಷ್ಟದ ಪಾಠ.

ಮೂರನೆಯದು, ನಮ್ಮ ಕಾಲೇಜಿನಲ್ಲಿ ನಾವು ಮರೆಯಲಾಗದ ಪ್ರಶ್ನೆ: ದ್ವೇಷ ಬರೆಯುವವರನ್ನು ತಡೆಯುವವರು ಯಾರು? ನಮ್ಮ ಹೆಸರು ನೋಡಿದ ಕೂಡಲೇ ಬೈಗುಳ ಬರೆಯುವವರನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಕೆಲವು ಹುಡುಗಿಯರು ಅದೇ ಕಾರಣಕ್ಕೆ ತಮ್ಮ ಹೆಸರು, ಫೋಟೊ ತೆಗೆದುಹಾಕಿದ್ದಾರೆ. ಒಕ್ಕೂಟದಲ್ಲಿ ಯಾರು ಬೇಕಾದರೂ ಸರ್ವರ್ ನಡೆಸಬಹುದು ಎಂದರೆ ದ್ವೇಷದ ವ್ಯಾಪಾರಿಗಳೂ ನಡೆಸಬಹುದು. 2019ರಲ್ಲಿ ಹಾಗೆಯೇ ಆಯಿತು. ದ್ವೇಷದ ಬರಹಗಳಿಗೆ ಕುಖ್ಯಾತವಾಗಿದ್ದ ಗ್ಯಾಬ್ ಎಂಬ ಅಮೆರಿಕದ ತಾಣ ಮಾಸ್ಟೊಡಾನ್ ತಂತ್ರಾಂಶವನ್ನೇ ಎತ್ತಿಕೊಂಡು ಒಳಗೆ ಬಂತು. ತಂತ್ರಾಂಶ ಎಲ್ಲರಿಗೂ ಮುಕ್ತವಾದ್ದರಿಂದ ಅದನ್ನು ಬಳಸಬೇಡಿ ಎಂದು ತಡೆಯುವಂತಿರಲಿಲ್ಲ. ಆದರೆ ಒಂದಾದ ಮೇಲೊಂದು ಸರ್ವರ್‌ಗಳು ಅದರ ಜೊತೆ ಸಂಪರ್ಕ ಕಡಿದುಕೊಂಡವು. ಊರಿನ ಹೆಚ್ಚಿನ ಮನೆಗಳು ಬಾಗಿಲು ಹಾಕಿದ ಮೇಲೆ ಅದು ಮೂಲೆಗುಂಪಾಯಿತು. ಆ ತೀರ್ಮಾನಕ್ಕೆ ಯಾವ ಕಂಪನಿಯ ಯಜಮಾನನ ಅಪ್ಪಣೆಯೂ ಬೇಕಾಗಲಿಲ್ಲ.

ಇದರಲ್ಲಿ ಭಾಷೆಯ ಮಾತೂ ಇದೆ. ಬೆಳಗಾವಿಯಲ್ಲಿ ಗೆಳೆಯನನ್ನು "ಏ ಮಂಗ್ಯಾ" ಎಂದರೆ ಅದು ಪ್ರೀತಿ. ಇನ್ನು ಕೆಲವು ಮಾತುಗಳು ನೋಡಲು ಸಭ್ಯವಾಗಿದ್ದರೂ ಒಳಗೆ ವಿಷ ಇರುತ್ತದೆ. ಯಾವುದು ಯಾವುದೆಂದು ತಿಳಿಯಲು ಈ ನೆಲದ ಕನ್ನಡ, ಮರಾಠಿ, ದಖನಿ ಉರ್ದು ಗೊತ್ತಿರಬೇಕು. ಸಾವಿರಾರು ಮೈಲಿ ದೂರದ ಯಂತ್ರಕ್ಕಿಂತ ಇಲ್ಲಿಯವರೇ ಆದ ಮೇಲ್ವಿಚಾರಕರು ಅದನ್ನು ಚೆನ್ನಾಗಿ ಬಲ್ಲರು. ಅವರೂ ಪಕ್ಷಪಾತ ಮಾಡಬಹುದು, ನಿಜ. ಆದರೆ ಅವರ ಮುಖ ನಮಗೆ ಗೊತ್ತು, ಹೋಗಿ ಕೇಳಬಹುದು. ಒಪ್ಪಿಗೆಯಾಗದಿದ್ದರೆ ಪಕ್ಕದ ಸರ್ವರ್‌ಗೆ ಹೋಗಬಹುದು.

ಹಾಗಾದರೆ ನಾವೇನು ಮಾಡಬಹುದು?

ನಾಳೆಯಿಂದ ಎಲ್ಲರೂ ಈಗಿನ ಆ್ಯಪ್‌ಗಳನ್ನು ಅಳಿಸಿಬಿಡಿ ಎಂದು ನಾನು ಹೇಳುವುದಿಲ್ಲ, ನಾನೂ ಅಳಿಸಿಲ್ಲ. ಎಲ್ಲರೂ ಹೊಸ ಖಾತೆ ತೆರೆಯಿರಿ ಎಂದೂ ಹೇಳುವುದಿಲ್ಲ. ಕಾಲೇಜಿನೊಳಗೆ ಮೊಬೈಲ್ ತೆಗೆದರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು! ಅಲ್ಲದೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರು ಮಕ್ಕಳೇ, ಅವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕು. ಪಿಯುಸಿಯಲ್ಲಿ ಹೆಚ್ಚಿನವರು ಆ ವಯಸ್ಸಿನವರೇ. ಆದ್ದರಿಂದ ನನ್ನ ಸಲಹೆಗಳು ಸಣ್ಣವು.

ಮೊದಲನೆಯದು ನಮ್ಮೆಲ್ಲರಿಗೆ. ನೀವು ಎಲ್ಲಿ ಬರೆದರೂ, ಚಿತ್ರ ಹಾಕಿದರೂ ಅದರ ಒಂದು ಪ್ರತಿ ನಿಮ್ಮ ಬಳಿ ಇರಲಿ. ದೊಡ್ಡ ಜಾಲತಾಣಗಳ ಸೆಟ್ಟಿಂಗ್ಸ್‌ನಲ್ಲಿ ನಮ್ಮ ಮಾಹಿತಿಯನ್ನು ಇಳಿಸಿಕೊಳ್ಳುವ ಅವಕಾಶ ಇರುತ್ತದೆ. ಆರು ತಿಂಗಳಿಗೊಮ್ಮೆ ಅದನ್ನು ಬಳಸಿ. ಆಪಾಗೆ ಇದು ಗೊತ್ತಿದ್ದಿದ್ದರೆ ಅರ್ಧ ನಷ್ಟ ತಪ್ಪುತ್ತಿತ್ತು.

ಎರಡನೆಯದು ಪ್ರಾಂಶುಪಾಲರಿಗೆ ಮತ್ತು ಉಪನ್ಯಾಸಕರಿಗೆ ವಿನಂತಿ. ನಮ್ಮ ಈ ವಾರ್ತಾಪತ್ರದ ಹಳೆಯ ಸಂಚಿಕೆಗಳು ಈಗ ಯಾರೋ ಒಬ್ಬರ ಮೊಬೈಲ್ ಗುಂಪಿನಲ್ಲಿ ಪಿಡಿಎಫ್ ಆಗಿ ಓಡಾಡುತ್ತಿವೆ. ಗುಂಪಿನವರು ಕಾಲೇಜು ಬಿಟ್ಟು ಹೋದರೆ ಸಂಚಿಕೆಗಳೂ ಹೋಗುತ್ತವೆ. ಅವನ್ನು ಕಾಲೇಜಿನದೇ ಹೆಸರಿನ, ಕಾಲೇಜಿನದೇ ವಿಳಾಸದ ತಾಣದಲ್ಲಿ ಇಡೋಣ. ಹೊರದೇಶಗಳಲ್ಲಿ ಸಂಸ್ಥೆಗಳು ಇದನ್ನೇ ಮಾಡುತ್ತಿವೆ. ಜರ್ಮನಿಯ ಸರ್ಕಾರಿ ಕಚೇರಿಗಳಿಗೆಂದೇ ಒಂದು ಮಾಸ್ಟೊಡಾನ್ ಸರ್ವರ್ ಇದೆ. ಬಿಬಿಸಿ ಕೂಡ 2023ರಲ್ಲಿ ಪ್ರಯೋಗಕ್ಕೆಂದು ತನ್ನದೇ ಸರ್ವರ್ ತೆರೆಯಿತು. ನಾವು ಸರ್ವರ್ ನಡೆಸಬೇಕಿಲ್ಲ. ನಂಬಿಕಸ್ಥ ಸರ್ವರ್ ಒಂದರಲ್ಲಿ ಕಾಲೇಜಿನ ಹೆಸರಿನ ಒಂದೇ ಖಾತೆ, ಒಬ್ಬ ಉಪನ್ಯಾಸಕರ ಉಸ್ತುವಾರಿ, ವಾರಕ್ಕೆ ಒಂದೆರಡು ಬರಹ. ಒಂದು ವರ್ಷ ನೋಡಿ, ಆಮೇಲೆ ಮುಂದುವರಿಸೋಣ ಅಥವಾ ಬಿಡೋಣ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಮಾಸ್ಟೊಡಾನ್‌ನಂಥ ತಂತ್ರಾಂಶಗಳನ್ನು ಬೇರೆ ಬೇರೆ ಭಾಷೆಗಳಿಗೆ ತರುವವರು ಸ್ವಯಂಸೇವಕರು. ಅದಕ್ಕೆ ಕೋಡಿಂಗ್ ಬರಬೇಕಿಲ್ಲ, ಭಾಷೆ ಬಂದರೆ ಸಾಕು. ನಮ್ಮ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಮನೆಯಲ್ಲಿ ಉರ್ದು, ಓಣಿಯಲ್ಲಿ ಮರಾಠಿ, ಪರೀಕ್ಷೆಯಲ್ಲಿ ಕನ್ನಡ ಬರೆಯುವವರು ಕುಳಿತಿರುತ್ತೇವೆ. ಇದನ್ನು ನಾವು ಗೊಂದಲ ಎಂದುಕೊಂಡಿದ್ದೇವೆ, ನಿಜವಾಗಿ ಇದು ಬಂಡವಾಳ. ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ ಕನ್ನಡ ವಿಭಾಗದ ಮತ್ತು ಗಣಕ ವಿಜ್ಞಾನ ವಿಭಾಗದ ಉಪನ್ಯಾಸಕರ ಮಾರ್ಗದರ್ಶನದಲ್ಲಿ ಹತ್ತು ಜನ ಕುಳಿತರೆ ಅಂಥ ಒಂದು ತಂತ್ರಾಂಶದ ಸಾಲುಗಳನ್ನು ಚೊಕ್ಕ ಕನ್ನಡಕ್ಕೆ ತರಬಹುದು. ಕೂ ಮುಚ್ಚಿದಾಗ ಅಲ್ಲಿನ ಕನ್ನಡವೂ ಮುಚ್ಚಿಹೋಯಿತು. ಹೀಗೆ ಮಾಡಿದ ಕೆಲಸವನ್ನು ಯಾವ ಕಂಪನಿಯೂ ತನ್ನ ಜೊತೆ ಎತ್ತಿಕೊಂಡು ಹೋಗಲಾರದು.

ಆಪಾ ಈಗ ಇನ್ನೊಂದು ಖಾತೆ ತೆರೆದಿದ್ದಾಳೆ, ಅದೇ ಹಳೆಯ ಆ್ಯಪ್‌ನಲ್ಲೇ. ಗಿರಾಕಿಗಳು ಅಲ್ಲಿದ್ದಾರೆ, ಆಕೆ ಇನ್ನೇನು ಮಾಡಿಯಾಳು? ಆದರೆ ಈಗ ಪ್ರತಿ ವಿನ್ಯಾಸವನ್ನೂ ಮೊದಲು ಒಂದು ದಪ್ಪ ಡ್ರಾಯಿಂಗ್ ಪುಸ್ತಕದಲ್ಲಿ ಬಿಡಿಸುತ್ತಾಳೆ, ಗಿರಾಕಿಗಳ ಹೆಸರು ಮತ್ತು ನಂಬರನ್ನು ಕೊನೆಯ ಪುಟಗಳಲ್ಲಿ ಬರೆದಿಡುತ್ತಾಳೆ. ಮೊನ್ನೆ ಅಬ್ಬಾ ಆ ಪುಸ್ತಕವನ್ನು ತಿರುವಿ ಹಾಕಿ, "ಇದನ್ನು ಯಾರೂ ಬಂದ್ ಮಾಡಲಿಕ್ಕಾಗಲ್ಲ ಅಲ್ಲ?" ಎಂದರು.

ಆಗಲ್ಲ ಅಬ್ಬಾ. ಆದರೆ ಒಬ್ಬರ ಪುಸ್ತಕ ಒಬ್ಬರ ಕಪಾಟಿನಲ್ಲೇ ಉಳಿಯುತ್ತದೆ. ಹಾಗೆ ನಮ್ಮದೇ ಆಗಿದ್ದೂ ಹತ್ತು ಊರಿನವರು ಬಂದು ನೋಡಿ ಮಾತನಾಡಿಸುವಂಥದ್ದು ಬೇಕಾದರೆ ಒಬ್ಬಳಿಂದ ಆಗದು. ಅದನ್ನು ನಾವೆಲ್ಲ ಸೇರಿಯೇ ಕಟ್ಟಿಕೊಳ್ಳಬೇಕು. ನಿಮಗೇನನ್ನಿಸುತ್ತದೆ? ಒಪ್ಪಿದರೂ ಒಪ್ಪದಿದ್ದರೂ ಮುಂದಿನ ಸಂಚಿಕೆಗೆ ಬರೆಯಿರಿ. ಸಂಪಾದಕರು ಯಾರು, ಅವರು ಎಲ್ಲಿ ಕುಳಿತಿರುತ್ತಾರೆ ಎಂಬುದು ನಿಮಗೆಲ್ಲ ಗೊತ್ತೇ ಇದೆ.